ರಾಯಚೂರಿನಲ್ಲಿ ಎಲೆಕ್ಟ್ರಿಕ್ ಕಾರು: ಊರಿನ ಚಾರ್ಜರ್ ಎಣಿಸಬೇಡಿ, ದಾರಿಯದ್ದು ನೋಡಿ

ಪ್ರಶ್ನೆ: ಸರ್, ನಾವು ರಾಯಚೂರಿನವರು. ಆಶಾಪುರ ರಸ್ತೆ ಕಡೆ ಸ್ವಂತ ಮನೆ ಇದೆ, ಮುಂದೆ ಶೀಟ್ ಹಾಕಿದ ಪಾರ್ಕಿಂಗ್ ಇದೆ. 24ರಿಂದ 30 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ತಗೋಬೇಕು ಅಂತಿದ್ದೇವೆ. ದಿನಾ ಕಾಲೇಜಿಗೆ ಹೋಗಿ ಬರುವುದು. ಆಗಾಗ ಮಂತ್ರಾಲಯ, ಹಬ್ಬಕ್ಕೆ ಸಿಂಧನೂರಿನ ಮಾವನ ಮನೆ, ಎರಡು ಮೂರು ತಿಂಗಳಿಗೊಮ್ಮೆ ಅಪ್ಪನ ಚೆಕಪ್‌ಗೆ ಹೈದರಾಬಾದ್. ಆ್ಯಪ್‌ನಲ್ಲಿ ನೋಡಿದರೆ ಊರಲ್ಲಿ ಬೆರಳೆಣಿಕೆಯಷ್ಟು ಚಾರ್ಜರ್. ಒಂದು ಶೋರೂಮ್‌ಗೆ ಹೋಗಿ ಕೇಳಿದರೆ ‘ನಮ್ಮ ಕಂಪನಿ ಗಾಡಿಗೆ ಮಾತ್ರ’ ಅಂದರು. ಇನ್ನೊಂದು ಕಡೆ ಮಷಿನ್ ಮೇಲೆ ಧೂಳು ಕೂತಿತ್ತು. ಪಕ್ಕದಲ್ಲೇ ಶಕ್ತಿನಗರ ಇಟ್ಟುಕೊಂಡು ನಮಗೆ ಈ ಗತಿನಾ? ಕಾರು ತಗೋಬಹುದಾ, ಬೇಡವಾ? ಗುತ್ತಿಗೆ ಮನೆಯಲ್ಲಿರುವ ತಮ್ಮನೂ ತಗೋತೀನಿ ಅಂತಿದ್ದಾನೆ. ಕರೆಂಟ್ ಹೋದರೆ ಮನೆ ಇನ್ವರ್ಟರ್‌ನಲ್ಲಿ ಚಾರ್ಜ್ ಆಗುತ್ತಾ?

ಉತ್ತರ: ನೀವು ತಗೋಬಹುದು. ನಿಮ್ಮ ತಮ್ಮ ಸದ್ಯಕ್ಕೆ ಬೇಡ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆ ರಾಯಚೂರಿನಿಂದ ಮಾತ್ರ ಅಲ್ಲ, ಕೊಪ್ಪಳ, ಗಂಗಾವತಿ, ಸಿರುಗುಪ್ಪ ಕಡೆಯಿಂದಲೂ ಬರುತ್ತಿರುತ್ತದೆ.

ಮೊದಲು ಶಕ್ತಿನಗರದ ಮಾತು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅಲ್ಲಿರುವ ಉಷ್ಣ ವಿದ್ಯುತ್ ಸ್ಥಾವರ, ಅಂದರೆ ಆರ್‌ಟಿಪಿಎಸ್‌ನ ಸಾಮರ್ಥ್ಯ 1,720 ಮೆಗಾವ್ಯಾಟ್. ಯರಮರಸ್‌ದು 1,600. ಪಕ್ಕದ ಜಿಲ್ಲೆಯ ಕುಡತಿನಿಯಲ್ಲಿ ಇನ್ನೊಂದು 1,700. ರಾಜ್ಯ ಸರ್ಕಾರದ ಕಲ್ಲಿದ್ದಲು ವಿದ್ಯುತ್ ಪೂರ್ತಿ ಈ ಎರಡು ಜಿಲ್ಲೆಗಳ ಬೂದಿಯಲ್ಲೇ ಹುಟ್ಟುತ್ತದೆ. ಆದರೆ ಆ ಕರೆಂಟು ಹುಟ್ಟಿದ ಕೂಡಲೇ ದೊಡ್ಡ ಲೈನು ಹತ್ತಿ ಊರು ಬಿಟ್ಟು ಹೋಗುತ್ತದೆ. ಚಾರ್ಜರ್‌ಗೆ ಬೇಕಾಗಿರುವುದು ನಿಮ್ಮ ಬೀದಿಯ 11 ಕೆ.ವಿ. ಲೈನು ಮತ್ತು ಕಂಬದ ಮೇಲಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಬಡಾವಣೆಯಲ್ಲಿ 100 ಕೆವಿಎ ಟಿಸಿ ಇದೆ ಅಂದುಕೊಳ್ಳಿ. ಅಲ್ಲಿ 60 ಕಿಲೋವ್ಯಾಟ್‌ನ ಒಂದು ವೇಗದ ಡಿಸಿ ಚಾರ್ಜರ್ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಅದೇ ನುಂಗುತ್ತದೆ. ಮೇ ತಿಂಗಳಲ್ಲಿ ಇಡೀ ಬೀದಿಯ ಕೂಲರ್, ಎಸಿ ಓಡುವಾಗ ಇದು ಆಗದ ಮಾತು. ಹಾಗಾಗಿ ಚಾರ್ಜರ್ ಹಾಕುವವರು ಬಹಳ ಸಲ ತಮ್ಮದೇ ಟಿಸಿ ಕೂರಿಸಬೇಕಾಗುತ್ತದೆ. ಖರ್ಚು ಅಲ್ಲಿಂದಲೇ ಶುರು.

ಇನ್ನು ವ್ಯಾಪಾರದ ಲೆಕ್ಕ. ಒಂದು ಮಷಿನ್‌ಗೆ ದಿನಕ್ಕೆ ನಾಲ್ಕು ಕಾರು ಬಂದವು, ಒಂದೊಂದು 20 ಯೂನಿಟ್ ತುಂಬಿಸಿಕೊಂಡವು ಅಂತ ಹಿಡಿಯಿರಿ. ಒಟ್ಟು 80 ಯೂನಿಟ್. ಅದೇ 60 ಕಿಲೋವ್ಯಾಟ್ ಮಷಿನ್ ಬಿಡುವಿಲ್ಲದೆ ಓಡಿದರೆ ದಿನಕ್ಕೆ 1,440 ಯೂನಿಟ್ ಕೊಡಬಲ್ಲದು. ನೂರಕ್ಕೆ ಆರು ಪಾಲೂ ಕೆಲಸ ಆಗಲಿಲ್ಲ. ಯೂನಿಟ್‌ಗೆ ಎಂಟೋ ಹತ್ತೋ ರೂಪಾಯಿ ಉಳಿದರೂ ದಿನಕ್ಕೆ ಏಳೆಂಟು ನೂರು. ಅದರಲ್ಲಿ ಜಾಗದ ಬಾಡಿಗೆ, ಜೆಸ್ಕಾಂನ ನಿಗದಿತ ಶುಲ್ಕ, ಆ್ಯಪ್ ಕಂಪನಿಯ ಪಾಲು, ರಿಪೇರಿ ಎಲ್ಲ ಹೋಗಬೇಕು. ಮಷಿನ್‌ಗೇ ಲಕ್ಷಗಟ್ಟಲೆ ಹಾಕಿದವರಿಗೆ ಏನು ಸಿಕ್ಕಿತು? ಅದಕ್ಕೇ ರಿಪೇರಿಯೂ ನಿಧಾನ. ಹೈದರಾಬಾದ್‌ನಲ್ಲೋ ಬೆಂಗಳೂರಿನಲ್ಲೋ ಮಷಿನ್ ಕೆಟ್ಟರೆ ಹತ್ತು ಜನ ಫೋನ್ ಮಾಡುತ್ತಾರೆ. ಇಲ್ಲಿ ಕೆಟ್ಟಿದೆ ಅಂತ ಗೊತ್ತಾಗುವುದೇ ಯಾರೋ ಹೋಗಿ ಬೈದುಕೊಂಡಾಗ. ನೀವು ನೋಡಿದ ಧೂಳಿನ ಕಥೆ ಇದೇ ಇರಬೇಕು.

ರಾಜ್ಯದ ಲೆಕ್ಕ ಕೇಳಿದರೆ ಎದೆ ಉಬ್ಬುತ್ತದೆ. ಎಲೆಕ್ಟ್ರಿಕ್ ವಾಹನಕ್ಕೆ ಅಂತ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲೂ ದೇಶಕ್ಕೇ ಮುಂದು. 2024ರ ಕೊನೆಯ ಹೊತ್ತಿಗೆ 5,700ರ ಆಸುಪಾಸು. ಆದರೆ ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ! ಉಳಿದದ್ದನ್ನು ಮಿಕ್ಕ ಎಲ್ಲ ಜಿಲ್ಲೆಗಳಿಗೆ ಹಂಚಿ, ಅದರಲ್ಲೂ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಪಾಲು ತೆಗೆದರೆ ನಮ್ಮ ಕಡೆ ಎಷ್ಟು ಬಂದೀತು ನೀವೇ ಹೇಳಿ. ನಗರದಲ್ಲಿ ಪ್ರತಿ ಮೂರು ಕಿ.ಮೀ. ಚೌಕಕ್ಕೆ ಒಂದು, ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿ.ಮೀ.ಗೆ ಒಂದು ಕೇಂದ್ರ ಇರಬೇಕು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ಗುರಿ ಸರಿ ಇದೆ. ಕಾಗದ ನೋಡಿಕೊಂಡು ಕಾರು ತಗೊಳ್ಳಕ್ಕಾಗಲ್ಲ ಅಷ್ಟೇ.

ಈಗ ನಾನು ಹೇಳಬೇಕಾಗಿರುವ ಮುಖ್ಯ ಮಾತು. ಸಣ್ಣ ಊರಿನಲ್ಲಿ ಸ್ವಂತ ಪಾರ್ಕಿಂಗ್ ಇರುವವರಿಗೆ ಊರೊಳಗಿನ ಸಾರ್ವಜನಿಕ ಚಾರ್ಜರ್ ಬೇಕಾಗುವುದೇ ಅಪರೂಪ. ರಾಯಚೂರಿನ ಈ ತುದಿಯಿಂದ ಆ ತುದಿಗೆ ದಿನಕ್ಕೆ ಎರಡು ಸಲ ಹೋಗಿ ಬಂದರೂ 30 ಕಿ.ಮೀ. ಆಗುವುದು ಕಷ್ಟ. ಅದಕ್ಕೆ ಬೇಕಾಗುವುದು ನಾಲ್ಕೈದು ಯೂನಿಟ್. ರಾತ್ರಿ ಮನೆಯ ಸಾಕೆಟ್‌ನಲ್ಲಿ ಎರಡು ಗಂಟೆಯ ಕೆಲಸ. ಸ್ಟೇಷನ್ ರಸ್ತೆಯಲ್ಲೋ ಲಿಂಗಸುಗೂರು ರಸ್ತೆಯಲ್ಲೋ ಚಾರ್ಜರ್ ಇದ್ದರೂ ನೀವು ಹೋಗುವುದಿಲ್ಲ. ಅಲ್ಲಿ ಯೂನಿಟ್‌ಗೆ ಮನೆಗಿಂತ ಮೂರು ಪಟ್ಟು ಕೊಡಬೇಕು. ನಿಮಗೆ ಚಾರ್ಜರ್ ಬೇಕಾಗುವುದು ಊರಿನಿಂದ 100 ಕಿ.ಮೀ. ಆಚೆ. ಹಾಗಾಗಿ ‘ರಾಯಚೂರಿನಲ್ಲಿ ಎಷ್ಟಿವೆ’ ಅನ್ನುವುದನ್ನು ಬಿಡಿ. ‘ನಾನು ಹೋಗುವ ದಾರಿಯಲ್ಲಿ ಎಲ್ಲಿದೆ, ಅದು ಕೆಟ್ಟಿದ್ದರೆ ಮುಂದಿನದು ಎಲ್ಲಿ’ ಅಂತ ನೋಡಿ.

ನಿಮ್ಮ ಮೂರು ದಾರಿ ನೋಡೋಣ. ಲೆಕ್ಕಕ್ಕೆ 30 ಯೂನಿಟ್ ಬ್ಯಾಟರಿ ಹಿಡಿಯುತ್ತೇನೆ. ಹೆದ್ದಾರಿಯಲ್ಲಿ 80ರ ವೇಗ, ಎಸಿ ಹಾಕಿದ್ದರೆ ಯೂನಿಟ್‌ಗೆ ಆರೂವರೆಯಿಂದ ಏಳು ಕಿ.ಮೀ. ಬರುತ್ತದೆ. ಅಂದರೆ ತುಂಬಿದ ಬ್ಯಾಟರಿಯಲ್ಲಿ 195ರಿಂದ 210 ಕಿ.ಮೀ. ಕೊನೆಯ ಶೇ 15 ಮುಟ್ಟಬಾರದು ಅಂತ ನಿಯಮ ಇಟ್ಟುಕೊಂಡರೆ ಕೈಗೆ ಸಿಗುವುದು 165ರಿಂದ 175. ಕಂಪನಿಯವರು ಹೇಳುವ ಅಂಕಿ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಅದು ಪರೀಕ್ಷಾ ಕೇಂದ್ರದ ಅಂಕಿ. ಏಪ್ರಿಲ್ ಮಧ್ಯಾಹ್ನದ ಮಾನ್ವಿ ರಸ್ತೆ ಅವರು ನೋಡಿಲ್ಲ.

ಮಂತ್ರಾಲಯ ಹೋಗಿ ಬರಲು 90 ಕಿ.ಮೀ. ಆಸುಪಾಸು. ಯೋಚನೆಯೇ ಬೇಡ. ರಾಯರ ದರ್ಶನ ಮುಗಿಸಿ ಬಂದರೂ ಅರ್ಧ ಬ್ಯಾಟರಿ ಉಳಿದಿರುತ್ತದೆ.

ಸಿಂಧನೂರು ಒಂದು ಕಡೆಗೆ 85-90 ಕಿ.ಮೀ. ಹೋಗಿ ಬರುವುದು ಒಟ್ಟು 175ರ ಹತ್ತಿರ. ಒಂದೇ ಚಾರ್ಜ್‌ನಲ್ಲಿ ಮುಗಿಸಬಹುದು, ಆದರೆ ಮಾನ್ವಿ ದಾಟಿದ ಮೇಲೆ ಪೂರ್ತಿ ಹೊತ್ತು ಮೀಟರ್ ನೋಡುತ್ತಾ ಬರಬೇಕು. 24 ಯೂನಿಟ್ ಬ್ಯಾಟರಿಯಾದರೆ ಆಗುವುದೇ ಇಲ್ಲ. ಇದಕ್ಕೆ ಸಾರ್ವಜನಿಕ ಚಾರ್ಜರ್ ಹುಡುಕುವ ಬದಲು ಮಾವನ ಮನೆಯ 16 ಆಂಪಿಯರ್ ಸಾಕೆಟ್ ಸರಿ ಮಾಡಿಸಿ. ಹೋಳಿಗೆ ಊಟ, ಒಂದು ನಿದ್ದೆ, ಸಂಜೆ ಚಹಾ. ಐದು ಗಂಟೆ ಸಿಕ್ಕಿದರೂ 12ರಿಂದ 14 ಯೂನಿಟ್ ಒಳಗೆ ಹೋಗುತ್ತದೆ. ವಾಪಸ್ ದಾರಿಯ ಅಷ್ಟೂ ಬಂದ ಹಾಗೆ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಡಿಕ್ಕಿಯಲ್ಲೇ ಇರಲಿ. ಬಹಳ ಜನ ಅದನ್ನು ಮನೆಯ ಗೋಡೆಗೆ ನೇತುಹಾಕಿ ಬಂದುಬಿಡುತ್ತಾರೆ.

ಹೈದರಾಬಾದ್ ಮಾತ್ರ ನಿಜವಾದ ಪರೀಕ್ಷೆ. ಶಕ್ತಿನಗರ ದಾಟಿ, ಕೃಷ್ಣಾ ಸೇತುವೆ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಒಟ್ಟು 200 ಕಿ.ಮೀ. ಆಸುಪಾಸು. ಜಡ್ಚರ್ಲಾದಲ್ಲಿ ನಮ್ಮ 167ನೇ ಹೆದ್ದಾರಿ ಬೆಂಗಳೂರು-ಹೈದರಾಬಾದ್‌ನ 44ನೇ ಹೆದ್ದಾರಿಗೆ ಸೇರುತ್ತದೆ. ಈ ಜಾಗ ನೆನಪಿಡಿ. ನಿಮ್ಮ ಮನೆಯಿಂದ ಅಲ್ಲಿಗೆ ಸುಮಾರು 120 ಕಿ.ಮೀ. 30 ಯೂನಿಟ್ ಕಾರಿನಲ್ಲಿ ಶೇ 40ರ ಹತ್ತಿರ ಉಳಿಸಿಕೊಂಡು ತಲುಪುತ್ತೀರಿ, 24ರಲ್ಲಿ ಶೇ 25. ಅಲ್ಲಿಂದ ಮುಂದೆ ದೊಡ್ಡ ಹೆದ್ದಾರಿ. ಬಂಕು, ಹೋಟೆಲು, ಚಾರ್ಜರ್ ಎಲ್ಲ ಆ ರಸ್ತೆಯ ಬದಿಗೇ ಬಂದಿವೆ, ಯಾಕೆಂದರೆ ದುಡ್ಡು ಕೊಡುವ ಗಾಡಿಗಳು ಅಲ್ಲೇ ಓಡುವುದು. ಮೊದಲ ಆಯ್ಕೆ ಜಡ್ಚರ್ಲಾ ಸುತ್ತಮುತ್ತ, ಎರಡನೆಯದು ಶಾದ್‌ನಗರದ ಕಡೆ ಅಂತ ಗುರುತು ಹಾಕಿಕೊಳ್ಳಿ. ಎರಡರ ನಡುವೆ 35 ಕಿ.ಮೀ. ಇದೆ. 30 ಯೂನಿಟ್ ಕಾರು ಮೊದಲನೆಯದು ಕೆಟ್ಟಿದ್ದರೂ ಎರಡನೆಯದಕ್ಕೆ ಆರಾಮಾಗಿ ಹೋಗುತ್ತದೆ. 24ರ ಕಾರಿಗೆ ಆ 35 ಕಿ.ಮೀ. ಜೀವ ಕೈಯಲ್ಲಿ ಹಿಡಿದುಕೊಂಡು ಹೋದ ಹಾಗೆ. ಅಪ್ಪನನ್ನು ಕೂರಿಸಿಕೊಂಡು ಡಾಕ್ಟರ್ ಹತ್ತಿರ ಹೋಗುವವರಿಗೆ ಅದು ಬೇಡ. ಹೈದರಾಬಾದ್ ದಾರಿ ಇರುವುದರಿಂದಲೇ ನಿಮಗೆ 30 ತಗೊಳ್ಳಿ ಅನ್ನುತ್ತೇನೆ.

ಸಮಯದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮಷಿನ್ ಮೇಲೆ 60 ಅಂತ ಬರೆದಿದ್ದರೆ ನಿಮ್ಮ ಕಾರಿಗೆ 60 ಬರುವುದಿಲ್ಲ. ಎಷ್ಟು ತಗೊಳ್ಳಬೇಕು ಅಂತ ತೀರ್ಮಾನಿಸುವುದು ಕಾರು. ಈ ಗಾತ್ರದ ಕಾರುಗಳು ಶೇ 10ರಿಂದ 80 ತುಂಬಲು ಒಂದು ಗಂಟೆಯ ಹತ್ತಿರ ತಗೊಳ್ಳುತ್ತವೆ. ಶೇ 40ರಿಂದ 80ಕ್ಕೆ ಅರ್ಧ ಗಂಟೆಯಿಂದ 40 ನಿಮಿಷ. ಶೇ 80 ದಾಟಿದ ಮೇಲೆ ಬ್ಯಾಟರಿ ತಾನಾಗೇ ನಿಧಾನ ಮಾಡುತ್ತದೆ. ಆಮೇಲೂ ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಹಾಕಿಕೊಂಡು ಕೂರುವುದು ನಿಮ್ಮ ಟೈಮ್ ವೇಸ್ಟ್, ಹಿಂದೆ ನಿಂತವರಿಗೂ ತೊಂದರೆ. ಎರಡು ಗನ್ ಇರುವ ಮಷಿನ್‌ನಲ್ಲಿ ಪಕ್ಕದಲ್ಲಿ ಇನ್ನೊಂದು ಕಾರು ನಿಂತರೆ 60 ಇದ್ದದ್ದು 30-30 ಆಗಿ ಹಂಚಿಹೋಗಬಹುದು. ಅದಕ್ಕೆ ಗಾಬರಿ ಬೇಡ, ನಿಮ್ಮ ಕಾರಿಗೆ 30 ಸಾಕು.

ಕಾರು ಬುಕ್ ಮಾಡುವ ಮುಂಚೆ ಚಾರ್ಜಿಂಗ್ ಕಿಂಡಿ ತೆಗೆಸಿ ಕಣ್ಣಾರೆ ನೋಡಿ. ಮೇಲೆ ಏಳು ತೂತಿನ ಗುಂಡನೆಯ ಜಾಗ, ಅದರ ಕೆಳಗೆ ಎರಡು ದೊಡ್ಡ ತೂತು ಇರಬೇಕು. ಅದು ಸಿಸಿಎಸ್-2. ಮೇಲಿನದು ನಿಧಾನದ ಎಸಿ (ಮನೆಗೆ ಬರುವಂಥ ಕರೆಂಟು) ಚಾರ್ಜಿಂಗ್‌ಗೆ, ಕೆಳಗಿನ ಎರಡು ವೇಗದ ಡಿಸಿಗೆ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಕೆಳಗಿನ ಎರಡು ತೂತೇ ಇರುವುದಿಲ್ಲ. ಅಂಥ ಕಾರು ಊರೊಳಗೆ ಓಡಾಡಲು ಚೆನ್ನಾಗಿದೆ, ಹೈದರಾಬಾದ್‌ಗೆ ಅಲ್ಲ. ಮಷಿನ್ ಕಡೆಯೂ ಇದೇ ಪಜೀತಿ. ಮೊದಲ ಸುತ್ತಿನಲ್ಲಿ ಸರ್ಕಾರಿ ಜಾಗಗಳಲ್ಲಿ ಹಾಕಿದ ಕೆಲವು ಮಷಿನ್‌ಗಳು ಭಾರತ್ ಡಿಸಿ-001 ಮಾದರಿಯವು, 15 ಕಿಲೋವ್ಯಾಟ್‌ನವು. ಆಗಿನ ಸರ್ಕಾರಿ ಕಾರುಗಳಿಗೆ, ಟ್ಯಾಕ್ಸಿಗಳಿಗೆ ಮಾಡಿದ್ದು. ಇವತ್ತಿನ ಕಾರಿಗೆ ಅದರ ಗನ್ ಕೂರುವುದೇ ಇಲ್ಲ. ಆ್ಯಪ್‌ನಲ್ಲಿ ಮಾತ್ರ ಹಸಿರು ಚುಕ್ಕಿ ಹೊಳೆಯುತ್ತಿರುತ್ತದೆ. ಫಿಲ್ಟರ್‌ನಲ್ಲಿ ಸಿಸಿಎಸ್-2 ಒಂದೇ ಆರಿಸಿ ನೋಡಿ. ಅರ್ಧ ಚುಕ್ಕಿ ಮಾಯವಾಗುತ್ತವೆ, ಉಳಿದದ್ದು ನಿಮ್ಮದು.

ಉಳಿದವನ್ನೂ ಪೂರ್ತಿ ನಂಬಬೇಡಿ. ‘ಲಭ್ಯ’ ಅಂತ ತೋರಿಸಿದರೆ ಅದರ ಅರ್ಥ ಇಷ್ಟೇ: ಮಷಿನ್‌ಗೆ ನೆಟ್‌ವರ್ಕ್ ಇದೆ, ಯಾರೂ ಗನ್ ಹಾಕಿಲ್ಲ. ಒಳಗಿನ ಭಾಗ ಕೆಟ್ಟಿದ್ದರೂ ಕೆಲವು ಮಷಿನ್ ಹಾಗೇ ತೋರಿಸುತ್ತವೆ. ನೋಡಬೇಕಾಗಿದ್ದು ಕೊನೆಯ ಸಲ ಯಾವಾಗ ಚಾರ್ಜ್ ಆಗಿದೆ ಅನ್ನುವುದನ್ನು. ಪ್ಲಗ್‌ಶೇರ್‌ನಂಥ ಆ್ಯಪ್‌ಗಳಲ್ಲಿ ಚಾರ್ಜ್ ಮಾಡಿದವರು ಫೋಟೊ ಸಮೇತ ಬರೆದಿರುತ್ತಾರೆ. ಈ ವಾರ ಯಾರಾದರೂ ಬರೆದಿದ್ದರೆ ಧೈರ್ಯವಾಗಿ ಹೋಗಿ, ನಾಲ್ಕು ತಿಂಗಳಿನಿಂದ ಸದ್ದಿಲ್ಲ ಅಂದರೆ ಅದನ್ನು ಲೆಕ್ಕದಿಂದ ಬಿಡಿ. ಬೆಸ್ಕಾಂನ ಇವಿ ಮಿತ್ರ, ಕೇಂದ್ರದ ಇವಿ ಯಾತ್ರಾ ಎರಡೂ ಫೋನ್‌ನಲ್ಲಿ ಇರಲಿ, ಆದರೆ ಚಾರ್ಜರ್ ನಡೆಸುವ ಕಂಪನಿಯ ಸ್ವಂತ ಆ್ಯಪ್ ಇಲ್ಲದೆ ಬಹಳ ಕಡೆ ಮಷಿನ್ ಚಾಲೂ ಆಗುವುದಿಲ್ಲ. ಮೂರು ನಾಲ್ಕು ಆ್ಯಪ್ ಮನೆಯಲ್ಲೇ ಹಾಕಿ, ಓಟಿಪಿ ಎಲ್ಲ ಮುಗಿಸಿ, ಒಂದೊಂದರಲ್ಲೂ ಇನ್ನೂರು ಮುನ್ನೂರು ರೂಪಾಯಿ ಇಡಿ. ಬಂಕಿನ ಶೀಟ್ ಕೆಳಗೆ ನಿಂತು, ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ಓಟಿಪಿಗೆ ಕಾಯುವ ಹಿಂಸೆ ಯಾರಿಗೂ ಬೇಡ.

ಮಷಿನ್ ಸತ್ತ ಹಾಗೆ ಕಂಡರೆ ವಾಪಸ್ ಹೊರಡುವ ಮುಂಚೆ ಎರಡು ವಿಷಯ ನೋಡಿ. ಬದಿಯಲ್ಲಿ ಕೆಂಪು ಅಣಬೆ ಆಕಾರದ ತುರ್ತು ಗುಂಡಿ ಇರುತ್ತದೆ. ಯಾರೋ ಹುಡುಗರು ಒತ್ತಿ ಹೋಗಿರುತ್ತಾರೆ. ಕೇಬಲ್ ಸುಟ್ಟ ವಾಸನೆ, ನೀರು ನುಗ್ಗಿದ ಗುರುತು ಏನೂ ಇಲ್ಲ ಅಂತ ನೋಡಿ, ಬಂಕಿನವರನ್ನು ಕೇಳಿ, ಬಾಣದ ಕಡೆ ತಿರುಗಿಸಿದರೆ ಅದು ಹೊರಗೆ ಬರುತ್ತದೆ. ಅದಲ್ಲದಿದ್ದರೆ ಮಷಿನ್ ಮೇಲೆ ಬರೆದ ನಂಬರ್‌ಗೆ ಫೋನ್ ಮಾಡಿ. ಅವರು ಕೂತ ಕಡೆಯಿಂದಲೇ ರೀಸ್ಟಾರ್ಟ್ ಮಾಡಬಲ್ಲರು, ಅಷ್ಟರಲ್ಲೇ ಸರಿಹೋಗುವ ಕೇಸು ಎಷ್ಟೋ ಇವೆ. ಬಂಕಿನ ಹುಡುಗರನ್ನು ಬೈದು ಉಪಯೋಗವಿಲ್ಲ, ಮಷಿನ್ ಅವರದ್ದಾಗಿರುವುದಿಲ್ಲ. ಕರೆಂಟ್ ಹೋದಾಗ ಜನರೇಟರ್ ಓಡುತ್ತಿದ್ದರೂ ಚಾರ್ಜರ್ ಓಡುವುದಿಲ್ಲ. ಆ ಜನರೇಟರ್ ಪೆಟ್ರೋಲ್ ಪಂಪಿಗೆ, ಲೈಟಿಗೆ ಅಂತ ಇಟ್ಟದ್ದು.

ಶೋರೂಮ್ ಚಾರ್ಜರ್ ಬಗ್ಗೆ ಹೇಳಿದ್ದೀರಿ. ಶೋರೂಮ್ ಒಳಗಿನದು ಅವರ ಗಿರಾಕಿಗಳಿಗೆ ಅಂತ ಹಾಕಿದ್ದು. ರಾತ್ರಿ ಗೇಟ್ ಹಾಕುತ್ತಾರೆ, ಭಾನುವಾರ ರಜ ಇದ್ದರೆ ಅಂದೂ ಇಲ್ಲ. ನೀವು ತಗೊಳ್ಳುವ ಕಂಪನಿಯ ಶೋರೂಮ್ ಊರಲ್ಲಿದ್ದರೆ ಅದನ್ನು ಆಪತ್ಕಾಲಕ್ಕೆ ಅಂತ ಇಟ್ಟುಕೊಳ್ಳಿ, ದಿನದ ಲೆಕ್ಕಕ್ಕೆ ಬೇಡ.

ಈಗ ಮನೆಗೆ ಬರೋಣ. ನಿಮ್ಮ ಹಣ, ಗಮನ ಎರಡೂ ಹೋಗಬೇಕಾಗಿರುವುದು ಇಲ್ಲಿಗೆ. ಒಂದು 16 ಆಂಪಿಯರ್ ಸಾಕೆಟ್ ಇದೆ, ಸಾಕಲ್ವಾ ಅಂತ ಕೇಳುತ್ತಾರೆ. ಗೀಸರ್ ಅರ್ಧ ಗಂಟೆ ಓಡುತ್ತದೆ. ಕಾರು ಎಂಟು ಗಂಟೆ ಒಂದೇ ಸಮನೆ 13-15 ಆಂಪಿಯರ್ ಎಳೆಯುತ್ತದೆ. ಹಳೆಯ ಸಾಕೆಟ್‌ನ ಸಡಿಲ ಸ್ಕ್ರೂ ಮೊದಲು ಬಿಸಿಯಾಗುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಕರಗುತ್ತದೆ. ಮೀಟರ್ ಬೋರ್ಡ್‌ನಿಂದ ನೇರ ಪ್ರತ್ಯೇಕ ಲೈನು ಎಳೆಸಿ. 4 ಚದರ ಮಿ.ಮೀ. ತಾಮ್ರದ ವೈರ್ ಹಾಕಿಸಿ, ಅದಕ್ಕೇ ಅಂತ 20 ಆಂಪಿಯರ್ ಎಂಸಿಬಿ, 30 ಮಿಲಿ ಆಂಪಿಯರ್ ಕರೆಂಟು ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ, ಒಳ್ಳೆಯ ಇಂಡಸ್ಟ್ರಿಯಲ್ ಸಾಕೆಟ್. ಎಕ್ಸ್‌ಟೆನ್ಷನ್ ಬಾಕ್ಸ್ ಹತ್ತಿರಕ್ಕೂ ತರಬೇಡಿ. ಮೊದಲ ವಾರ ಚಾರ್ಜ್ ಆಗುವಾಗ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ತಕ್ಷಣ ನಿಲ್ಲಿಸಿ ವೈರಿಂಗ್‌ನವರನ್ನು ಕರೆಸಿ.

ಅರ್ಥಿಂಗ್ ನಮ್ಮ ಕಡೆಯ ವಿಶೇಷ ತಲೆನೋವು. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ರಾಯಚೂರಿನಲ್ಲಿ ಎಷ್ಟೋ ಬಡಾವಣೆಗಳು ಎರೆ (ಕಪ್ಪು ಮಣ್ಣಿನ) ಭೂಮಿಯ ಮೇಲೆ ಬಂದಿವೆ. ಮಳೆಗಾಲದಲ್ಲಿ ಈ ಮಣ್ಣು ಅರ್ಥಿಂಗ್‌ಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ, ಕುಗ್ಗಿ, ಬಾಯಿ ಬಿಡುತ್ತದೆ. ಅರ್ಥಿಂಗ್ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಫ್ರಿಜ್ಜು, ಟಿವಿ ಏನೂ ಹೇಳುವುದಿಲ್ಲ, ಓಡುತ್ತಿರುತ್ತವೆ. ಕಾರಿನ ಚಾರ್ಜರ್ ಮಾತ್ರ ಅರ್ಥ್ ಸರಿಯಿಲ್ಲ ಅಂತ ಕೆಂಪು ದೀಪ ಹಾಕಿ ನಿಂತುಬಿಡುತ್ತದೆ. ಜನ ಕಾರು ಕೆಟ್ಟಿತು ಅಂತ ಶೋರೂಮ್‌ಗೆ ಫೋನ್ ಮಾಡುತ್ತಾರೆ. ಕಾರು ಸರಿಯಾಗೇ ಇರುತ್ತದೆ, ನಿಮ್ಮ ಜೀವ ಕಾಯುವ ಕೆಲಸ ಮಾಡುತ್ತಿರುತ್ತದೆ. ಕಾರಿಗೆ ಅಂತ ಹೊಸ ಅರ್ಥ್ ಗುಂಡಿ ತೆಗೆಸಿ, ಬೆಂಟೊನೈಟ್‌ನಂಥ ತೇವ ಹಿಡಿದಿಡುವ ಪುಡಿ ತುಂಬಿಸಿ, ಮೇಲೆ ನೀರು ಹಾಕಲು ಬಾಯಿ ಬಿಡಿಸಿ. ಫೆಬ್ರುವರಿಯಿಂದ ಜೂನ್‌ವರೆಗೆ ವಾರಕ್ಕೆ ಎರಡು ಸಲ ಒಂದು ಕೊಡ ನೀರು ಸುರಿಯಿರಿ. ಅರ್ಥಿಂಗ್ ಅಳೆಯುವ ಮೀಟರ್ ಇರುವವರನ್ನೇ ಕರೆಸಿ, ಅಳತೆ ಐದು ಓಮ್ ಒಳಗೆ ಬಂದರೆ ನೆಮ್ಮದಿ. ಬಲ್ಬ್ ಹಚ್ಚಿ ‘ಅರ್ಥ್ ಬಂತು ನೋಡ್ರಿ’ ಅನ್ನುವವರಿಗೆ ನಮಸ್ಕಾರ ಹೇಳಿ ಕಳಿಸಿ. ಕಾರಿನ ಚಾರ್ಜರ್‌ನ ಅರ್ಥ್ ಪಿನ್ ಮುರಿದು, ಇಲ್ಲವೇ ನ್ಯೂಟ್ರಲ್‌ಗೆ ಜೋಡಿಸಿ ಕೆಂಪು ದೀಪ ಆರಿಸುವ ‘ಐಡಿಯಾ’ ಹೇಳುವವರೂ ಸಿಗುತ್ತಾರೆ. ಮನೆಯಲ್ಲಿ ಮಕ್ಕಳು ಒದ್ದೆ ಕೈಯಲ್ಲಿ ಕಾರು ಮುಟ್ಟುತ್ತಾರೆ ಅನ್ನುವುದು ನೆನಪಿರಲಿ. ಮಾವನ ಮನೆಯಲ್ಲಿ ಸಾಕೆಟ್ ಸರಿ ಮಾಡಿಸುವಾಗಲೂ ಇದೇ ಮಾತು. ಸಿಂಧನೂರಿನ ಮಣ್ಣೂ ಕಪ್ಪೇ.

ವೋಲ್ಟೇಜ್ ಕೂಡ ನೋಡಿ. ಸಂಜೆ ಏಳರಿಂದ ಹತ್ತರವರೆಗೆ ಬಡಾವಣೆಯ ಕೊನೆಯ ಕಂಬದ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಆಗ ಚಾರ್ಜಿಂಗ್ ನಿಧಾನ ಆಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಕಾರಿನಲ್ಲೇ ಟೈಮರ್ ಇರುತ್ತದೆ, ರಾತ್ರಿ 11ಕ್ಕೆ ಶುರುವಾಗಲಿ ಅಂತ ಇಡಿ. ಬೇಸಿಗೆಯಲ್ಲಿ ಇದರಿಂದ ಇನ್ನೊಂದು ಲಾಭ. 42 ಡಿಗ್ರಿ ಬಿಸಿಲಲ್ಲಿ ಓಡಿ ಬಂದ ಬ್ಯಾಟರಿಗೆ ತಣಿಯಲು ಹೊತ್ತು ಸಿಗುತ್ತದೆ. ಬಿಸಿ ಬ್ಯಾಟರಿಯನ್ನು ಶೇ 100 ತುಂಬಿಸಿ ಬಿಸಿಲಲ್ಲಿ ನಿಲ್ಲಿಸುವುದು ಅದರ ಆಯಸ್ಸಿಗೆ ಒಳ್ಳೆಯದಲ್ಲ. ಊರೊಳಗಿನ ಓಡಾಟಕ್ಕೆ ಶೇ 80 ಸಾಕು, ಹೈದರಾಬಾದ್ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಆಗಾಗ ಶೇ 100 ಮಾಡಿ ಅಂತ ಕಂಪನಿಯೇ ಹೇಳಿರುತ್ತದೆ, ಅದನ್ನು ಪಾಲಿಸಿ.

ಗೃಹಜ್ಯೋತಿ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಜೇಬಿಗೆ ಬೀಳುವ ಪೆಟ್ಟು ಇಲ್ಲೇ ಇದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ, ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ 160 ಯೂನಿಟ್ ಆಸುಪಾಸು ಬೇಕು. ಮನೆಯ ಬಳಕೆ 90 ಇದ್ದರೂ ಒಟ್ಟು 250. 200 ದಾಟಿದ ತಿಂಗಳು ಪುಕ್ಕಟೆ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಕಾರಿನ ಕರೆಂಟಿಗೆ ದುಡ್ಡು ಕೊಡುವುದು ಸರಿ, ಅದರ ಜೊತೆಗೆ ಮನೆಯ ದೀಪ-ಫ್ಯಾನಿಗೂ ಕೊಟ್ಟ ಹಾಗಾಯಿತು. ದಾರಿ ಇದೆ. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳಲು ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿ ಅವಕಾಶ ಕೊಟ್ಟಿದೆ. ನಿಮ್ಮ ಆರ್.ಆರ್. ನಂಬರ್ ತಗೊಂಡು ಜೆಸ್ಕಾಂ ಸೆಕ್ಷನ್ ಆಫೀಸ್‌ಗೆ ಹೋಗಿ, ವಾಹನ ಚಾರ್ಜಿಂಗ್‌ಗೆ ಬೇರೆ ಮೀಟರ್ ಬೇಕು ಅಂತ ಲಿಖಿತವಾಗಿ ಅರ್ಜಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಬೇರೆ ಮೀಟರ್ ಬೇಡ ಅಂದರೂ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಲೇಬೇಕು. ಹಳೆಯ ಮನೆಗಳಲ್ಲಿ ಅದು ಒಂದೆರಡು ಕಿಲೋವ್ಯಾಟ್ ಇರುತ್ತದೆ, ಕಾರಿಗೇ 3.3 ಬೇಕು. ಕಿಲೋವ್ಯಾಟ್‌ಗೆ ತಿಂಗಳಿಗೆ ನೂರು ರೂಪಾಯಿ ಮೇಲೆ ನಿಗದಿತ ಶುಲ್ಕ ಬೀಳುತ್ತದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಅಷ್ಟೆಲ್ಲ ಕೊಟ್ಟರೂ ಲಾಭವೇ. ಮನೆಯ ಕರೆಂಟಿನಲ್ಲಿ ಕಿ.ಮೀ.ಗೆ ಒಂದು ರೂಪಾಯಿ ಚಿಲ್ಲರೆ. ಹೆದ್ದಾರಿ ಚಾರ್ಜರ್‌ನಲ್ಲಿ ಯೂನಿಟ್‌ಗೆ ಶೇ 18 ಜಿಎಸ್‌ಟಿ ಸೇರಿ 20ರಿಂದ 25 ರೂಪಾಯಿ ಆಗುವುದರಿಂದ ಕಿ.ಮೀ.ಗೆ ಮೂರೂವರೆ. ಪೆಟ್ರೋಲ್ ಕಾರಿಗೆ ಆರರ ಮೇಲೆ. ನಿಮ್ಮ ಓಡಾಟದಲ್ಲಿ ಬಹುಪಾಲು ಮನೆಯ ಕರೆಂಟಿನದು, ಹಾಗಾಗಿ ನಿಮಗೆ ಹೊಂದುತ್ತದೆ.

ತಮ್ಮನಿಗೆ ಯಾಕೆ ಬೇಡ ಅಂದೆ ಅನ್ನುವುದೂ ಇದೇ ಲೆಕ್ಕದಲ್ಲಿದೆ. ಗುತ್ತಿಗೆ ಮನೆ, ಗಾಡಿ ಗಲ್ಲಿಯಲ್ಲಿ ನಿಲ್ಲುತ್ತದೆ, ಮಾಲೀಕರು ವೈರಿಂಗ್ ಮಾಡಿಸಲು ಒಪ್ಪುವುದು ಅನುಮಾನ. ನಿಮ್ಮ ತಮ್ಮ ಪೂರ್ತಿಯಾಗಿ ಊರಿನ ಸಾರ್ವಜನಿಕ ಚಾರ್ಜರ್ ಮೇಲೆ ನಿಲ್ಲಬೇಕು. ಒಂದು ಮಷಿನ್ ಹದಿನೈದು ದಿನ ಕೆಟ್ಟು ನಿಂತರೆ ಅವರ ಕಾರೂ ನಿಂತ ಹಾಗೆ. ದುಡ್ಡೂ ಅಷ್ಟು ಉಳಿಯುವುದಿಲ್ಲ. ಮೊದಲ ಮಹಡಿಗೆ ಹೊತ್ತುಕೊಂಡು ಹೋಗುವಂಥ ತೆಗೆಯಬಹುದಾದ ಬ್ಯಾಟರಿಯ ಸ್ಕೂಟರ್ ತಗೊಳ್ಳಲಿ, ರಾಯಚೂರಿನ ಗಲ್ಲಿಗಳಿಗೆ ಅದೇ ಸುಖ. ಇಲ್ಲವೇ ಕೆಲಸ ಮಾಡುವ ಕಡೆ ಪಾರ್ಕಿಂಗ್‌ನಲ್ಲಿ ಒಂದು ಸಾಕೆಟ್ ಕೊಡುತ್ತಾರಾ ಕೇಳಲಿ. ಕೊಟ್ಟರೆ ನನ್ನ ಉತ್ತರ ಬದಲಾಗುತ್ತದೆ.

ಊರಲ್ಲಿ ಚಾರ್ಜರ್ ಹೆಚ್ಚಾಗಬೇಕು ಅಂತ ಇದ್ದರೆ ಅದು ನಿಮ್ಮ ಪರಿಚಯದ ಲಾಡ್ಜ್, ಕಲ್ಯಾಣ ಮಂಟಪದವರಿಂದ ಶುರುವಾಗಬಹುದು. ಚಾರ್ಜರ್ ಹಾಕಲು ಲೈಸೆನ್ಸ್ ಬೇಡ ಅಂತ 2018ರಲ್ಲೇ ಕೇಂದ್ರ ಸ್ಪಷ್ಟ ಮಾಡಿದೆ. ಲಕ್ಷಗಟ್ಟಲೆಯ ಡಿಸಿ ಮಷಿನ್ ಬೇಕಾಗಿಲ್ಲ. ರಾತ್ರಿ ತಂಗುವ ಕಡೆ 7 ಕಿಲೋವ್ಯಾಟ್‌ನ ಎರಡು ಎಸಿ ಬಾಕ್ಸ್ ಇದ್ದರೆ ಹೊರಗಿನಿಂದ ಬಂದ ಕಾರುಗಳು ಬೆಳಗಾಗುವಷ್ಟರಲ್ಲಿ ತುಂಬಿರುತ್ತವೆ. ಗುರುವಾರ ಮಂತ್ರಾಲಯಕ್ಕೆ ಬರುವ ಕಾರುಗಳನ್ನು ನೋಡಿದರೆ ಗಿರಾಕಿಗಳಿಗೆ ಕೊರತೆ ಇಲ್ಲ.

ಕೊನೆಗೆ ಇನ್ವರ್ಟರ್. ಆಗುವುದಿಲ್ಲ. ಮನೆಯ 150 ಎಎಚ್ ಬ್ಯಾಟರಿಯಲ್ಲಿ ಇರುವುದೇ ಹೆಚ್ಚೆಂದರೆ 1.8 ಯೂನಿಟ್, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಕಾರು ಅದರಲ್ಲಿ ಹತ್ತು ಕಿ.ಮೀ. ಕೂಡ ಹೋಗಲಾರದು. ಅದಕ್ಕಿಂತ ಮುಂಚೆ ಇನ್ವರ್ಟರೇ ಓವರ್‌ಲೋಡ್ ಅಂತ ಕೂಗಿ ಮನೆಯೆಲ್ಲ ಕತ್ತಲೆ ಮಾಡುತ್ತದೆ. ರಾತ್ರಿ ಎರಡು ಗಂಟೆ ಕರೆಂಟ್ ಹೋದರೆ ಚಿಂತೆ ಬೇಡ, ಬಂದ ಮೇಲೆ ಚಾರ್ಜಿಂಗ್ ತಾನಾಗೇ ಮುಂದುವರಿಯುತ್ತದೆ. ಕಾರಿನ ಲೈನನ್ನು ಇನ್ವರ್ಟರ್‌ಗೆ ಸೇರಿಸಬೇಡಿ ಅಂತ ಮಾತ್ರ ವೈರಿಂಗ್‌ನವರಿಗೆ ಮೊದಲೇ ಹೇಳಿಬಿಡಿ.